ಅರವತ್ತರ ಮೇಲೆ ನಡುಕ

ಮಾರ್ಚ್ ೩, ಸೋಮವಾರ

ಹಾಳಾದ ಕಾರು ವಾಪಸ್ಸು ಬಂತು. ಶನಿವಾರ ಸಂಜೆಯಷ್ಟೇ ಒರೆಸಿ, ಮಿಂಚಿಸಿ, ಬೀಗದ ಕೈಯನ್ನು ಭಾವನ ಅಂಗೈಗೆ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ನಾನು ಷೆಡ್ಡಿನ ಬಾಗಿಲು ಎತ್ತುವ ಮೊದಲೇ ಹಾರನ್ ಬಾರಿಸುತ್ತಾ ಬಂದು ನಿಂತಿದ್ದ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹರಾಜು ಕೂಗುವುದು ಅವನ ಕಸುಬು. ಸತ್ತವರ ಮನೆಯ ಕುರ್ಚಿ, ಮೇಜು, ಗಡಿಯಾರ ಎಲ್ಲವನ್ನೂ ‘ಒಂದು ಸಲ, ಎರಡು ಸಲ, ಮೂರು ಸಲ’ ಅಂತ ಕೂಗಿ ಮಾರುತ್ತಾನೆ. ಮರದ ಸುತ್ತಿಗೆಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ಕಾರು ಅವನ ಅಪ್ಪನದು, ಅವನಿಗಿಂತ ಹಳೆಯದು. ಮೂವತ್ತನೇ ತಾರೀಖು ಹಳೆ ಕಾರುಗಳ ಮೆರವಣಿಗೆ ಇದೆಯಂತೆ, ಅದರಲ್ಲಿ ಎಲ್ಲರಿಗಿಂತ ಮುಂದೆ ಇವನೇ ಹೋಗಬೇಕಂತೆ.

“ಅರವತ್ತು ದಾಟಿದ್ರೆ ಸಾಕು, ಸೀಟು ಗಡಗಡ ಅನ್ನುತ್ತೆ ಕಣೋ ನಟ್ಟು! ಹಲ್ಲು ಉದುರೋದೊಂದು ಬಾಕಿ. ರಿಪೇರಿಗೆ ಮುಂಚೆ ಹೀಗಿರ್ಲಿಲ್ಲ. ಏನ್ ಮಾಡಿಟ್ಟಿದೀಯ ನನ್ನಪ್ಪನ ಕಾರಿಗೆ?”

ನಟ್ಟು ಎಂದು ಕರೆಯುವುದು ಅವನೊಬ್ಬನೇ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ನಾನು ಮಾಡಿದ ಕೆಲಸ ಇಷ್ಟೇ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟ್ ಇರುತ್ತದಲ್ಲ, ಅದರ ಎರಡೂ ತುದಿಯ ಕೀಲು ಸವೆದು ಟಕ್ ಟಕ್ ಎನ್ನುತ್ತಿತ್ತು. ಹೊಸ ಕೀಲು ಹಾಕಿಸಿದೆ. ಶಾಫ್ಟನ್ನು ಬಿಚ್ಚಿ, ಉಜ್ಜಿ, ತೊಳೆದು, ಎರಡು ಕೋಟು ಕಪ್ಪು ಬಣ್ಣ ಹೊಡೆದು ಜೋಡಿಸಿದೆ. ಇದರಲ್ಲಿ ನಡುಗುವಂಥದ್ದು ಏನಿದೆ?

ಹಾಗೆಂದು ಹೇಳಿದ್ದಕ್ಕೆ ಸುತ್ತಿಗೆ ತೆಗೆದ. ಪಕ್ಕದಲ್ಲಿ ಬೇರೆ ಗಿರಾಕಿಯ ವ್ಯಾನು ನಿಂತಿತ್ತು. ಅದರ ಹೆಡ್‌ಲೈಟಿನ ಮೇಲೆ ಮೆಲ್ಲಗೆ ತಟ್ಟಿ “ಒಂದು ಸಲ” ಎಂದ. ಮತ್ತೆ ತಟ್ಟಿ “ಎರಡು ಸಲ” ಎಂದ. ಮೂರನೆಯದಕ್ಕೆ ಗಾಜು ಪುಡಿಪುಡಿಯಾಗಿ ನನ್ನ ಚಪ್ಪಲಿಯ ಮೇಲೆ ಬಿತ್ತು. “ಮುಂದಿನ ಸಲ ಗಾಜಿಗಲ್ಲ ಹೊಡೆಯೋದು” ಎಂದು ಹೇಳಿ, ಕಾರು ಬಿಟ್ಟು ನಡೆದುಕೊಂಡೇ ಹೋದ.

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಅವಳು ಹೊಲಿಯುತ್ತಲೇ ಮಾತಾಡುವವಳು, ಯಾರು ಬಂದರೂ ಮಿಷನ್ ನಿಲ್ಲಿಸುವುದಿಲ್ಲ. ಎಲ್ಲ ಕೇಳಿಸಿಕೊಂಡು, “ಮೇಲೆ ಥಳಕು, ಒಳಗೆ ಹುಳುಕು! ಕಾರಿನ ಹೊಟ್ಟೆ ಕೆಳಗೆ ಬಣ್ಣ ಬಳಿದ್ರಲ್ಲ, ಯಾರ್ರೀ ಮಲಗಿ ನೋಡ್ತಾರೆ ಅದನ್ನ? ನಾಯಿಗಳಾ?” ಎಂದು ನಕ್ಕಳು. ನನಗೂ ನಗು ಬಂತು.

ಮಾರ್ಚ್ ೫, ಬುಧವಾರ

ನಾನು ಕೆಲಸಗಳ್ಳತನ ಮಾಡದಂತೆ ನೋಡಿಕೊಳ್ಳಲು ಭಾವ ಅಕ್ಕನನ್ನು ಕಳಿಸಿದ್ದ. ಒಳ್ಳೆಯದೇ ಆಯಿತು. ಇಂಥ ಕಾಯಿಲೆ ಹಿಡಿಯಲು ಕಾರಿನಲ್ಲಿ ಇಬ್ಬರಿರಬೇಕು, ಒಬ್ಬ ಓಡಿಸಲು, ಇನ್ನೊಬ್ಬ ಮೈಯೆಲ್ಲ ಕಿವಿಯಾಗಿ ಕೂರಲು.

ಅಕ್ಕನ ತುಟಿ ಊದಿಕೊಂಡಿತ್ತು.

“ಏನಾಯ್ತು?”

“ಬಾಗಿಲು ಬಡೀತು.”

“ಬಾಗಿಲು ಉಂಗುರ ಹಾಕ್ಕೊಂಡಿತ್ತಾ?” ಎಂದೆ. ತುಟಿಯ ಪಕ್ಕದಲ್ಲಿ ಅಚ್ಚು ಎದ್ದು ಕಾಣುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗಿ, “ಗಾಡಿ ಬಿಡು, ನೋಡೋಣ” ಎಂದಳು.

ಕಾರ್ಖಾನೆಯ ಹಿಂದಿನ ನೇರ ರಸ್ತೆಗೆ ಹೋದೆವು. ಐವತ್ತರವರೆಗೆ ಹೂವಿನಂತೆ ಹೋಯಿತು. ಅರವತ್ತು ದಾಟಿದ್ದೇ ತಡ, ಕೆಳಗಿನಿಂದ ಗಡಗಡ ಶುರು. ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡೆರಡಾಗಿ ಕಾಣುತ್ತಿತ್ತು. ಕ್ಲಚ್ ತುಳಿದು, ಗೇರು ತಪ್ಪಿಸಿ, ಎಂಜಿನ್ನನ್ನು ಸುಮ್ಮನೆ ಬಿಟ್ಟು ಕಾರು ತಾನೇ ಉರುಳಲು ಬಿಟ್ಟೆ. ನಡುಕ ಹಾಗೇ ಇತ್ತು. ಎಂಜಿನ್ ಅಲ್ಲ, ಕ್ಲಚ್ ಅಲ್ಲ. ಎರಡು ಕಳೆಯಿತು.

“ಸೊಂಟಕ್ಕೆ ಬರ್ತಿದೆ. ನಿನ್ನ ಕೈಗೆ?” ಎಂದಳು ಅಕ್ಕ.

“ಸ್ಟೀರಿಂಗ್ ಅಲ್ಲಾಡ್ತಿಲ್ಲ.”

“ಹಾಗಾದ್ರೆ ಹಿಂದಿನದೇ.” ಕೈಯಲ್ಲಿ ನಡುಕ ಬಂದರೆ ದೋಷ ಮುಂದೆ, ಸೊಂಟಕ್ಕೆ ಬಂದರೆ ದೋಷ ಹಿಂದೆ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಈ ಷೆಡ್ಡಿನಲ್ಲೇ ನಮ್ಮಿಬ್ಬರಿಗೂ ಕಲಿಸಿದ್ದು. ನಿಜ ಹೇಳಬೇಕೆಂದರೆ ಅಕ್ಕ ನನಗಿಂತ ಚುರುಕಾಗಿದ್ದಳು, ಓಡಿಸುವುದರಲ್ಲಂತೂ ಅವಳ ಮುಂದೆ ನಾನು ಏನೂ ಅಲ್ಲ. ಆದರೆ ಹೆಣ್ಣುಮಕ್ಕಳ ಕೈಯಲ್ಲಿ ಗ್ರೀಸು ಚೆನ್ನಾಗಿ ಕಾಣುವುದಿಲ್ಲವೆಂದು ಅಪ್ಪ ಷೆಡ್ಡನ್ನು ನನಗೆ ಕೊಟ್ಟ, ಅವಳನ್ನು ಹರಾಜಿನವನಿಗೆ ಕೊಟ್ಟ.

ವಾಪಸ್ಸು ಬರುವಾಗ ಕೇಳಿದಳು, “ಸರಿ ಆಗುತ್ತಾ?”

“ಆಗದೆ ಏನು?”

“ಬೇಗ ಮಾಡು ಕಣೋ. ಇದು ನಡುಗಿದಾಗಲೆಲ್ಲ ನನಗೆ ಬೀಳುತ್ತೆ. ‘ನಿನ್ನ ತಮ್ಮನ ಕೈಗುಣ ನೋಡು’ ಅಂತ ಹೇಳಿ ಹೇಳಿ ಹೊಡೀತಾರೆ.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಅದರ ನಡುವೆ ನಾನು ಬಾಯಿ ಹಾಕುವವನಲ್ಲ. ಆದರೆ ನನ್ನ ಕೆಲಸದ ಹೆಸರು ಹೇಳಿ ನನ್ನ ಅಕ್ಕನಿಗೆ ಹೊಡೆಯುವುದೆಂದರೇನು! ಈ ನಡುಕವನ್ನು ಹಿಡಿದು ಕತ್ತು ಹಿಸುಕದೆ ನಾನು ಸುಮ್ಮನಿರುವುದಿಲ್ಲ.

ಮಾರ್ಚ್ ೮, ಶನಿವಾರ

ಚಕ್ರಗಳನ್ನು ಹಿಂದಕ್ಕೆ ಮುಂದಕ್ಕೆ ಬದಲಿಸಿ ನೋಡಿದೆ. ಹಾಗೇ ಇದೆ. ಕಾರಿನ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರ ಕಳಚಿಟ್ಟು, ಗೇರಿನಲ್ಲಿ ಓಡಿಸಿದೆ. ಚಕ್ರವೇ ಇಲ್ಲ, ಆದರೂ ಗಡಗಡ. ಷೆಡ್ಡಿನ ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳೆಲ್ಲ ಕಿಣಿಕಿಣಿ ಎಂದವು. ಹಾಗಾದರೆ ಚಕ್ರವೂ ಅಲ್ಲ, ಟೈರೂ ಅಲ್ಲ. ಶಾಫ್ಟೇ.

ಶಾಫ್ಟು ಎಂದು ತೀರ್ಮಾನವಾದ ಮೇಲೆ ಸಿಟ್ಟು ತಡೆಯಲಾಗದೆ ಎಣ್ಣೆಯ ಡ್ರಮ್ಮಿಗೆ ಒದ್ದೆ. ಡ್ರಮ್ಮಿಗೇನೂ ಆಗಲಿಲ್ಲ, ನನ್ನ ಹೆಬ್ಬೆರಳಿನ ಉಗುರು ಕಿತ್ತು ಬಂತು.

ಮಧ್ಯಾಹ್ನ ಊಟಕ್ಕೆ ಕೂತರೆ ಪಲ್ಯಕ್ಕೆ ಉಪ್ಪಿಲ್ಲ. ತಟ್ಟೆ ಎಸೆದೆ. ಅದು ಗೋಡೆಗೆ ಬಡಿದು ವಾಲಾಡಿ ವಾಲಾಡಿ ನಿಂತಿತು. ಹೆಂಡತಿ ಅದನ್ನೇ ನೋಡುತ್ತಾ, “ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ತಟ್ಟೆನೂ ನಡುಗ್ತಿದೆ ನೋಡಿ, ಷೆಡ್ಡಿಗೆ ತಗೊಂಡು ಹೋಗ್ತೀರಾ?” ಎಂದಳು. ಇವಳ ತಮಾಷೆಗೆ ಹೊತ್ತುಗೊತ್ತು ಇಲ್ಲ. ಉಣ್ಣದೆ ಎದ್ದು ಹೋದೆ.

ಮಾರ್ಚ್ ೧೧, ಮಂಗಳವಾರ

ಲೇತಿನವನ ಹತ್ತಿರ ಹೋಗಿದ್ದೆ. ಹೊಸ ಕೀಲುಗಳನ್ನು ಶಾಫ್ಟಿನ ತುದಿಗೆ ಒತ್ತಿ ಕೂರಿಸಿಕೊಟ್ಟವನು ಅವನೇ. ಎರಡು ಅಂಗಡಿ ಆಚೆ ಕಬ್ಬಿಣ ಕಡೆಯುವ ಅವನ ಲೇತ್ ಇದೆ. ಅಪ್ಪನ ಕಾಲದವನು, ಆದರೆ ತೋಳು ನೋಡಿದರೆ ಈಗಲೂ ಕಂಬ.

“ಶಾಫ್ಟು ಬಗ್ಗಿಸಿದೀಯ” ಎಂದೆ.

ಅವನು ಶಾಫ್ಟನ್ನು ಲೇತಿಗೆ ಕಟ್ಟಿ, ಚಾಕ್‌ಪೀಸನ್ನು ಕೂದಲೆಳೆ ದೂರದಲ್ಲಿ ಹಿಡಿದು ತಿರುಗಿಸಿದ. ಬಗ್ಗಿದ್ದರೆ ಉಬ್ಬಿದ ಕಡೆ ಮಾತ್ರ ಗೀಟು ಬೀಳುತ್ತದೆ. ಸುತ್ತಲೂ ಒಂದೇ ಸಮನೆ ಉಂಗುರದಂತೆ ಗೀಟು ಬಿತ್ತು.

“ನೆಟ್ಟಗಿದೆ. ನನ್ನ ಹತ್ರ ಬಂದಾಗ ಇದರ ಎರಡು ತುಂಡೂ ಬಿಡಿಬಿಡಿಯಾಗಿದ್ವು, ಹಾಗೇ ವಾಪಸ್ ಕೊಟ್ಟೆ. ಆಮೇಲೆ ಜೋಡಿಸಿದ್ದು ಯಾರು?”

“ಜೋಡಿಸೋದು ನನಗೆ ಹೇಳಿಕೊಡ್ತೀಯಾ?”

“ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ” ಎಂದು ಹೇಳಿ ನಕ್ಕ. ಅಲ್ಲಿದ್ದ ಗಿರಾಕಿಗಳೂ ನಕ್ಕರು.

ಆ ನಗುವಿಗೇ ಕೈ ಎದ್ದದ್ದು. ಕಪಾಳಕ್ಕೆ ಬಾರಿಸಿದೆ. ಮುದುಕ ಅಲ್ಲಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಕಾಲರ್ ಹಿಡಿದು, ಒಂದೇ ಒಂದು ಗುದ್ದು ಕೊಟ್ಟ. ಕಬ್ಬಿಣದ ಚೂರುಗಳ ಮೇಲೆ ಬಿದ್ದೆ. ಎದ್ದು ಸ್ಟೂಲು ತೆಗೆದುಕೊಂಡು ಅವನ ಭುಜಕ್ಕೆ ಹಾಕಿದೆ, ಸ್ಟೂಲೇ ಮುರಿಯಿತು. ನಾಲ್ಕು ಜನ ಸೇರಿ ಬಿಡಿಸಿದರು. ಬಾಯಲ್ಲಿ ಏನೋ ಆಡುತ್ತಿತ್ತು, ಉಗುಳಿದರೆ ಹಲ್ಲು.

ಮಾರ್ಚ್ ೧೨, ಬುಧವಾರ

ದವಡೆ ಬಾತಿದೆ. ಗಂಜಿಯೇ ಗತಿ. ಹೆಂಡತಿ ಬಿಸಿನೀರಿನ ಬಟ್ಟೆ ಒತ್ತಿ, “ಕಾರಿನ ಹಲ್ಲು ಹುಡುಕೋಕೆ ಹೋಗಿ ನಿಮ್ಮದೇ ಕಳ್ಕೊಂಡ್ರಾ?” ಎಂದಳು. ಸುಮ್ಮನಿರು ಎಂದೆ. ಸುಮ್ಮನಾದಳು.

ಮಾರ್ಚ್ ೧೪, ಶುಕ್ರವಾರ

ಹೋಸ್ ಪೈಪಿಗೆ ಹಾಕುವ ಕ್ಲಿಪ್ಪನ್ನು ಶಾಫ್ಟಿನ ಸುತ್ತ ಬಿಗಿದು ಓಡಿಸಿ ನೋಡಿದೆ. ಶಾಫ್ಟಿನ ಒಂದು ಮಗ್ಗುಲು ಹಗುರವಾಗಿದ್ದರೆ ಕ್ಲಿಪ್ಪಿನ ತಿರುಪು ಆ ಕಡೆ ಬಂದಾಗ ನಡುಕ ಇಳಿಯಬೇಕು. ಕಾಲು ಸುತ್ತು ತಿರುಗಿಸಿ ಬಿಗಿದೆ, ಓಡಿಸಿದೆ. ಮತ್ತೆ ತಿರುಗಿಸಿದೆ, ಓಡಿಸಿದೆ. ಎಲ್ಲಿಟ್ಟರೂ ಅದೇ ನಡುಕ. ತೂಕದ ದೋಷವೂ ಅಲ್ಲ. ಹಾಗಾದರೆ ಇನ್ನೇನು, ದೆವ್ವವಾ?

ಅಷ್ಟರಲ್ಲಿ ಭಾವ ಬಂದ. ಬರೀ ಕೈ. ಕಾರಿನ ಸುತ್ತ ಒಂದು ಸುತ್ತು ಬಂದು, ಕೆಲಸದ ಮೇಜಿನ ಮೇಲಿದ್ದ ನನ್ನ ಎಡಗೈ ಮೇಲೆ ತನ್ನ ಬೂಟುಗಾಲನ್ನು ಎತ್ತಿಟ್ಟು ಲೇಸು ಕಟ್ಟಿಕೊಂಡ. ನಿಧಾನವಾಗಿ ಕಟ್ಟಿಕೊಂಡ. “ಮೂವತ್ತಕ್ಕೆ ಕಾರು ಬೇಕು” ಎಂದ. ನಾನು ಬೆರಳು ಎಳೆದುಕೊಳ್ಳಲಿಲ್ಲ, ಕೂಗಲೂ ಇಲ್ಲ.

ಮನೆಗೆ ಹೋದಾಗ ಹೆಂಡತಿ, “ಭಾವ ಕಾರು ಕೇಳಿದ್ರೆ ಬೇರೆ ಕಡೆ ತಗೊಂಡು ಹೋಗಿ ಅನ್ನಿ. ನಿಮ್ಮಿಂದ ಆಗದೇ ಇದ್ದಿದ್ದನ್ನ ಆಗಲ್ಲ ಅನ್ನೋಕೇನು?” ಎಂದಳು. ತಿರುಗಿದೆ, ಕೈ ತಾಗಿತು. ಕಿವಿಯ ಹತ್ತಿರ ಎಲ್ಲೋ ತಾಗಿತು. ಅವಳು ಮಿಷನ್ನಿನ ಮೇಲೆ ಬಿದ್ದಳು, ಸೂಜಿ ಮುರಿಯಿತು. ಸೂಜಿ ಹೊಸದು ತಂದುಕೊಟ್ಟಿದ್ದೇನೆ.

ಮಾರ್ಚ್ ೧೬, ಭಾನುವಾರ

ಇವತ್ತು ಷೆಡ್ಡಿಗೆ ಹೋಗಲಿಲ್ಲ. ಮನೆಯಲ್ಲಿ ನೆಮ್ಮದಿ ಇದೆ. ಒಂದು ವಿಷಯ ಗಮನಿಸಿದೆ. ಈಗ ನಾನು ಒಳಗೆ ಕಾಲಿಟ್ಟ ಕೂಡಲೇ ಹೆಂಡತಿ ಮಿಷನ್ ನಿಲ್ಲಿಸುತ್ತಾಳೆ. ನಾನು ಚಪ್ಪಲಿ ಬಿಡುವ ಸದ್ದಿಗೇ ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ಇಲ್ಲದ ಗೌರವ ಈಗ ಬಂದಿದೆ.

ಆದರೆ ಕರೆದರೆ ಓಗೊಡುವುದಿಲ್ಲ. ಎಡಗಡೆಯಿಂದ ಕರೆದರಂತೂ ಕಲ್ಲಿನ ಹಾಗೆ ಕೂತಿರುತ್ತಾಳೆ. ಸೊಕ್ಕು ಪೂರ್ತಿ ಇಳಿದಿಲ್ಲ.

ಮಾರ್ಚ್ ೧೭, ಸೋಮವಾರ

ಭಾವ ಅಕ್ಕನ ಎಡಗೈ ಮಣಿಕಟ್ಟು ಮುರಿದಿದ್ದಾನೆ. ಸುತ್ತಿಗೆಯಿಂದ. ಆಸ್ಪತ್ರೆಯಿಂದ ಪಟ್ಟಿ ಹಾಕಿಸಿಕೊಂಡು ನೇರವಾಗಿ ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ನಿಂತು ಹೆಂಡತಿಯ ಭುಜದ ಮೇಲೆ ಹಣೆ ಇಟ್ಟಳು, ಅಳಲಿಲ್ಲ. “ಮೂರು ಅನ್ನೋವರೆಗೂ ಕಾಯ್ತಾರಲ್ಲ, ಅದೇ ಕಣೇ ತಡೆಯೋಕಾಗಲ್ಲ” ಎಂದಳು.

ಜಾಕಿನ ಹಿಡಿ ತೆಗೆದುಕೊಂಡು ಹರಾಜಿನ ಹಾಲಿಗೆ ಹೋದೆ. ಹಳೆ ಕುರ್ಚಿಗಳ ಮಧ್ಯೆ ಕೂತ ಜನ ಕೈ ಎತ್ತುತ್ತಿದ್ದರು, ಅವನು ಕೂಗುತ್ತಿದ್ದ. ಕೂಗು ಮುಗಿಯುವ ಮೊದಲೇ ಅವನ ಪಕ್ಕೆಗೆ ಹಾಕಿದೆ. ಅವನು ಗಡಿಯಾರವೊಂದನ್ನು ನನ್ನ ತಲೆಗೆ ಎಸೆದ. ನಾನು ಅವನ ಕಿವಿ ಕಚ್ಚಿದೆ. ಕನ್ನಡಿ ಕಪಾಟಿನ ಮೇಲೆ ಇಬ್ಬರೂ ಬಿದ್ದೆವು. ಅವನ ಹುಬ್ಬು ಒಡೆಯಿತು, ನನ್ನ ಮೊಣಕೈಯಲ್ಲಿ ಗಾಜು ಹೊಕ್ಕಿತು. ಜನ ಓಡಿದರು. ಒಬ್ಬ ಮಾತ್ರ ಗಡಿಯಾರದ ಬೆಲೆ ಎಷ್ಟೆಂದು ಕೇಳುತ್ತಾ ನಿಂತಿದ್ದ.

ಕೊನೆಗೆ ಇಬ್ಬರಿಗೂ ಉಸಿರು ಉಳಿಯಲಿಲ್ಲ. ಹರಾಜಿಗಿಟ್ಟ ಸೋಫಾದ ಮೇಲೆ ಅಕ್ಕಪಕ್ಕ ಕೂತೆವು. ಅವನೇ ಚಹಾ ತರಿಸಿದ. “ನಿನ್ನಲ್ಲಿ ಇಷ್ಟು ದಮ್ಮಿದೆ ಅಂತ ಗೊತ್ತಿರ್ಲಿಲ್ಲ ಕಣೋ” ಎಂದ. ಹೇಳಬಾರದು, ಆದರೆ ಆ ಮಾತು ಕೇಳಿ ಖುಷಿಯಾಯಿತು. ಗಂಡಸರ ಜಗಳ ಎಂದರೆ ಹೀಗೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಒಪ್ಪಂದವಾಯಿತು. ಶನಿವಾರ ಇಪ್ಪತ್ತೊಂಬತ್ತರ ಸಂಜೆ ಕಾರು ಸರಿಯಾಗಿ ಅವನ ಮನೆ ಮುಂದೆ ನಿಲ್ಲಬೇಕು, ಅಕ್ಕನೂ ಅದರಲ್ಲೇ ವಾಪಸ್ಸು ಹೋಗಬೇಕು. ಆಮೇಲೆ ಅವಳ ಮೈ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ.

ಮಾರ್ಚ್ ೧೮, ಮಂಗಳವಾರ

ಭಾವ ಯಾಕೆ ಹೊಡೆಯುತ್ತಾನೆ ಎಂದು ಕಾರು ನೋಡಿದ ಹಾಗೆಯೇ ನೋಡಿದೆ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೇಳಿದೆ. ಕುಡಿದಾಗಲಾ? ಕುಡಿಯುವುದೇ ಇಲ್ಲ. ಹರಾಜು ಕೆಟ್ಟ ದಿನವಾ? ಚೆನ್ನಾಗಿ ಆದ ದಿನವೂ. ಊಟ ತಡವಾದಾಗಲಾ? ಬೇಗ ಆದರೂ. ಎಲ್ಲ ಕಳೆದು ಉಳಿದದ್ದು ಒಂದೇ, ಕಾರು. ಕಾರು ಸರಿಯಾದರೆ ಇದೂ ನಿಲ್ಲುತ್ತದೆ.

“ಕಾರು ಕೆಡೋಕೆ ಮುಂಚೆ ಹೊಡೀತಿರ್ಲಿಲ್ವಾ?” ಎಂದಳು ಹೆಂಡತಿ, ತಲೆ ಎತ್ತದೆ.

ಅಕ್ಕ, “ಆಗ ಉಪ್ಪು ಕಾರಣ ಆಗಿತ್ತು. ಅದಕ್ಕೆ ಮುಂಚೆ ನನ್ನ ನಗು. ಕಾರಣಕ್ಕೇನು ಬರ ತಮ್ಮಾ? ನನ್ನನ್ನ ವಾಪಸ್ ಕಳಿಸಬೇಡ. ಮುಂದಿನ ಸಲ ಅವನು ಕೈಗೆ ಹೊಡೆಯಲ್ಲ” ಎಂದಳು.

“ಮಾತು ಕೊಟ್ಟಿದಾನೆ. ನಾನೂ ಕೊಟ್ಟಿದೀನಿ” ಎಂದೆ.

ಹೆಂಡತಿ ಸುಮ್ಮನಿರದೆ, “ಅವರ ಪ್ರಾಣ ನಿಮ್ಮ ಮಾತಿಗಿಂತ ಅಗ್ಗನಾ?” ಎಂದಳು. “ಒಂದು ಸಲ ಹೇಳ್ದೆ, ನಡುವೆ ಬಾಯಿ ಹಾಕಬೇಡ ಅಂತ. ಎರಡು ಸಲ ಹೇಳ್ದೆ” ಎಂದೆ. ಅಷ್ಟೇ ಹೇಳಿದ್ದು. ಮೂರನೆಯದು ಹೇಳುವ ಅಗತ್ಯವೇ ಬೀಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಎದ್ದು ಅಡುಗೆಮನೆಗೆ ಹೋದರು. ಯಾಕೆ ಹಾಗೆ ನೋಡಿಕೊಂಡರೋ.

ಮಾರ್ಚ್ ೨೨, ಶನಿವಾರ

ಗೇರ್‌ಬಾಕ್ಸಿನ ಹಿಡಿತದ ರಬ್ಬರು ಹೊಸದು ಹಾಕಿದೆ. ಶಾಫ್ಟಿನ ಕೋನ ಅಳೆದೆ. ಹಿಂದಿನ ಸ್ಪ್ರಿಂಗಿನ ಕೆಳಗೆ ತಗಡು ಕೊಟ್ಟು ನೋಡಿದೆ. ಅರವತ್ತು ದಾಟಿದರೆ ಗಡಗಡ, ಗಡಗಡ. ನಿದ್ದೆಯಲ್ಲೂ ಹಲ್ಲು ಕಡಿಯುತ್ತೇನಂತೆ. ಇವತ್ತು ಒಂದು ಸ್ಪ್ಯಾನರ್ ಎಸೆದು ನನ್ನದೇ ಷೆಡ್ಡಿನ ಕಿಟಕಿ ಒಡೆದೆ. ಎದುರು ಅಂಗಡಿಯವ ಇಣುಕಿದ. ಇನ್ನೊಂದು ಸ್ಪ್ಯಾನರ್ ತೋರಿಸಿದೆ, ಒಳಗೆ ಹೋದ.

ಸಂಜೆ ಚಹಾ ಕುಡಿದು ಷೆಡ್ಡಿಗೆ ವಾಪಸ್ಸು ಬಂದರೆ ಅಕ್ಕ ಕಾರಿನ ಡ್ರೈವರ್ ಸೀಟಿನಲ್ಲಿ, ಹೆಂಡತಿ ಅವಳ ಎಡಕ್ಕೆ. ಎಂಜಿನ್ ಬಂದ್. ಅಕ್ಕ ಕಾಲಿನಿಂದ ಕ್ಲಚ್ ತುಳಿದು “ಎರಡು” ಎನ್ನುತ್ತಿದ್ದಳು, ಇವಳು ಗೇರಿನ ಕೋಲು ಎಳೆಯುತ್ತಿದ್ದಳು. “ಮೂರು” ಎಂದರೆ ಮೇಲಕ್ಕೆ ತಳ್ಳುತ್ತಿದ್ದಳು. ಗೇರಿನ ಕೋಲು ಅಕ್ಕನ ಮುರಿದ ಕೈಯ ಕಡೆಗಿದೆಯಲ್ಲ, ಅದಕ್ಕೆ ಈ ನಾಟಕ.

“ಏನಿದು ಮಕ್ಕಳಾಟ?”

“ಬೇಜಾರು ಕಳೀತಿದೀವಿ ಕಣೋ” ಎಂದಳು ಅಕ್ಕ.

ನಾನು ಎಡಗಡೆಯಿಂದ ಮಾತಾಡಿಸಿದರೆ ಕೇಳಿಸದ ಇವಳಿಗೆ ಅಕ್ಕ ಪಿಸುಗುಟ್ಟಿದರೂ ಕೇಳುತ್ತದೆ. ಅಕ್ಕ ಬಲಗಡೆ ಕೂತಿದ್ದಳು, ಇರಬಹುದು.

ಮಾರ್ಚ್ ೨೮, ಶುಕ್ರವಾರ

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ನಾಳೆ ಸಂಜೆಗೆ ಗಡುವು, ನನ್ನ ತಲೆ ಪೂರ್ತಿ ಕೆಟ್ಟಿತ್ತು. ಶಾಫ್ಟನ್ನು ಬಿಚ್ಚಿ ನೆಲದ ಮೇಲೆ ಹಾಕಿ, ಸುತ್ತಿಗೆಯಿಂದ ಜಜ್ಜಿಬಿಡುತ್ತೇನೆಂದು ಎತ್ತಿದ್ದೆ. ಮೂಲೆಯಲ್ಲಿ ಕೂತಿದ್ದ ಅಕ್ಕ ಎದ್ದು ಬಂದು ಬಲಗೈಯನ್ನು ಶಾಫ್ಟಿನ ಮೇಲಿಟ್ಟಳು.

“ಬಾಣ ಎಲ್ಲಿ?”

“ಯಾವ ಬಾಣ?”

“ಇದು ಎರಡು ತುಂಡು ಅಲ್ವಾ, ಒಂದರೊಳಗೊಂದು ಹೋಗೋದು. ಎರಡರ ಮೇಲೂ ಬಾಣ ಕೊರೆದಿರ್ತಾರೆ. ಬಾಣಕ್ಕೆ ಬಾಣ ಎದುರು ಬರಬೇಕು ಅಂತ ಅಪ್ಪ ಬೆನ್ನಿಗೆ ಹೊಡೆದು ಹೇಳ್ತಿದ್ರಲ್ಲ. ನಿನ್ನ ಬಣ್ಣದ ಕೆಳಗೆ ಮುಚ್ಚಿಹೋಗಿದೆ. ಕೆರೆದು ನೋಡು.”

ಬ್ಲೇಡು ತಂದು ಕೆರೆದೆ. ಕಪ್ಪು ಬಣ್ಣದ ಅಡಿಯಲ್ಲಿ ಒಂದು ಬಾಣ. ತುಂಡುಗಳು ಒಂದನ್ನೊಂದು ಕಚ್ಚಿಕೊಳ್ಳಲು ಹಲ್ಲುಗಳಿರುತ್ತವಲ್ಲ, ಇನ್ನೊಂದು ತುಂಡಿನ ಬಾಣ ಎರಡು ಹಲ್ಲು ಆಚೆ ಕೂತಿತ್ತು. ಒಂದು ತುದಿಯ ಕೀಲು ಒಂದು ನೇರಕ್ಕೆ, ಇನ್ನೊಂದು ಓರೆಗೆ. ಒಂದು ಎಳೆದರೆ ಇನ್ನೊಂದು ಜಗ್ಗುವುದು. ನಡುಗದೆ ಇನ್ನೇನು ಮಾಡುತ್ತದೆ! ಬಾಣಕ್ಕೆ ಬಾಣ ಸೇರಿಸಿ ಜೋಡಿಸಿ ಓಡಿಸಿದೆ. ಎಂಬತ್ತು. ತೊಂಬತ್ತು. ಡ್ಯಾಶ್‌ಬೋರ್ಡಿನ ಮೇಲಿಟ್ಟ ಚಹಾದ ಲೋಟ ಅಲ್ಲಾಡಲಿಲ್ಲ.

ಕುಣಿದಾಡಿಬಿಟ್ಟೆ. ಆಮೇಲೆ ಹೊಳೆಯಿತು. “ನಿನಗೆ ಗೊತ್ತಿತ್ತಾ? ಮೊದಲೇ ಹೇಳೋಕೇನಾಗಿತ್ತು ರೋಗ?”

“ಕೈ ನೋವು ಸ್ವಲ್ಪ ಇಳೀಲಿ ಅಂತಿದ್ದೆ” ಎಂದಳು. ಅವಳ ಕೈಗೂ ನನ್ನ ಶಾಫ್ಟಿಗೂ ಏನು ಸಂಬಂಧವೋ ದೇವರೇ ಬಲ್ಲ. ಹೆಣ್ಣುಬುದ್ಧಿ.

ಲೇತಿನವನ ಅಂಗಡಿ ಮುಂದೆ ಹಾದು ಬಂದೆ. ಭುಜಕ್ಕೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ. ತಪ್ಪು ನನ್ನದೇ ಎಂದು ಹೇಳಲು ಹೋಗಲಿಲ್ಲ. ಹಲ್ಲು ನನ್ನದೂ ಹೋಗಿದೆ, ಲೆಕ್ಕ ಚುಕ್ತಾ.

ಮಾರ್ಚ್ ೨೯, ಶನಿವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ, “ಒಳಗೆ ಕೂತು ಕೇಳಿದ್ರೆ ಸಾಲದು, ರಸ್ತೆ ಪಕ್ಕ ನಿಂತು ಕಾರು ಹಾದುಹೋಗೋದನ್ನ ಕೇಳ್ಬೇಕು ಅಂತ ಅಪ್ಪ ಹೇಳ್ತಿದ್ರು. ಕೊಡೋ ಮುಂಚೆ ಒಂದ್ಸಲ ಕೇಳ್ಕೊ. ನಾನು ಓಡಿಸ್ತೀನಿ” ಎಂದಳು. ಒಂದು ಕೈಯಲ್ಲಿ ಹೇಗೆ ಎಂದರೆ, ಗೇರಿಗೆ ಇವಳಿದ್ದಾಳಲ್ಲ ಎಂದಳು. ಅಂದಿನ ಮಕ್ಕಳಾಟ ಕೆಲಸಕ್ಕೆ ಬಂತೆಂದು ನಕ್ಕೆ. ಮೊದಲೇ ಹೋಗಿ ಕಾರ್ಖಾನೆಯ ಹಿಂದಿನ ರಸ್ತೆಯ ನಡುಭಾಗದಲ್ಲಿ ಗೋಡೆಗೆ ಒರಗಿ ನಿಂತೆ. ಮನೆ ಮುಂದೆ ನಿಲ್ಲಿಸಿದ್ದ ಕಾರು ತರಲು ಅವರು ಸ್ವಲ್ಪ ತಡಮಾಡಿದರು.

ಬಂತು. ದೂರದಲ್ಲೇ ಗೇರು ಬದಲಾದ ಸದ್ದು, ಎರಡು, ಮೂರು, ಒಂದು ಚೂರೂ ಕರಕರ ಇಲ್ಲ. ನನಗೇ ಆಶ್ಚರ್ಯ. ಹಿಂಭಾಗ ಸ್ವಲ್ಪ ಕೂತಂತೆ ಕಂಡಿತು. ಹಿಂದಿನ ಸ್ಪ್ರಿಂಗು ಸೋತಿರಬೇಕು, ಭಾವನಿಗೆ ಹೇಳಬೇಕು ಎಂದುಕೊಂಡೆ. ನನ್ನ ಮುಂದೆ ಹಾದಾಗ ಎಪ್ಪತ್ತರ ಮೇಲಿತ್ತು. ಕಣ್ಣು ಮುಚ್ಚಿ ಕೇಳಿದೆ. ಗಾಳಿ ಸೀಳುವ ಸದ್ದು, ಟೈರಿನ ಸದ್ದು. ನಡುಕ ಒಂದಿಷ್ಟೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ಕಣ್ಣು ತೆರೆದಾಗ ನಾಲ್ಕನೇ ಗೇರಿಗೆ ಬಿದ್ದು ಇನ್ನೂ ಜೋರಾಗಿ ಹೋಗುತ್ತಿತ್ತು. ಇಬ್ಬರಲ್ಲಿ ಯಾರೂ ತಿರುಗಿ ನೋಡಲಿಲ್ಲ. ನಾನು ಕೈ ಬೀಸುತ್ತಿದ್ದೆ.

ರಸ್ತೆಯ ತುದಿಯಲ್ಲಿ ತಿರುಗಿಸಿಕೊಂಡು ಬರುತ್ತಾರೆಂದು ಕಾದೆ. ಕೆಟ್ಟು ನಿಂತಿತೇನೋ ಎಂದು ಕೊನೆಯವರೆಗೂ ನಡೆದೆ. ಅಲ್ಲಿಂದ ಹೆದ್ದಾರಿ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ.

ಮನೆಗೆ ಬಂದರೆ ಬೀಗ. ಒಡೆದು ಒಳಗೆ ಹೋದೆ. ಹೊಲಿಗೆ ಮಿಷನ್ ಇಲ್ಲ. ಮೇಜಿನ ಮೇಲೆ ಅದಿದ್ದ ಜಾಗದಲ್ಲಿ ಎಣ್ಣೆಯ ಚೌಕ ಗುರುತು ಮಾತ್ರ. ಹಿಂಭಾಗ ಕೂತದ್ದು ಸ್ಪ್ರಿಂಗಿನಿಂದಲ್ಲ. ಡಿಕ್ಕಿಯಲ್ಲಿ ಮಿಷನ್ ಇತ್ತು.

ಮೇಜನ್ನು ತುಂಡು ತುಂಡು ಮಾಡಿದೆ.

ಮಾರ್ಚ್ ೩೦, ಭಾನುವಾರ

ಬೆಳಿಗ್ಗೆ ಭಾವ ಬಂದ. ಮೆರವಣಿಗೆಗೆಂದು ಹೊಸ ಕೋಟು, ಹುಬ್ಬಿನ ಮೇಲೆ ಪಟ್ಟಿ.

“ಕಾರೆಲ್ಲಿ?”

“ಅಕ್ಕ ತಗೊಂಡು ಹೋದ್ಲು.”

“ಒಂದು ಕೈಯಲ್ಲಾ?”

“ನನ್ನವಳೂ ಜೊತೆಗೆ ಹೋಗಿದಾಳೆ.”

ಅವನು ಕ್ಷಣ ಹೊತ್ತು ನನ್ನನ್ನು ನೋಡಿದ. ಹೊಡೆಯುತ್ತಾನೆಂದು ಜಾಕಿನ ಹಿಡಿ ಹಿಡಿದು ನಿಂತೆ. ಅವನು ಹೊಡೆಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ನವಳೂನಾ? ಬಾ ನಟ್ಟು, ಬಾ, ಕೂತ್ಕೊ. ನಾವಿಬ್ರೂ ಈಗ ಒಂದೇ ದೋಣಿಯವರು” ಎಂದು ಹೆಗಲ ಮೇಲೆ ಕೈ ಹಾಕಿದ.

ಆ ಕೈಗೇ ಹಾಕಿದೆ ಮೊದಲ ಏಟು. ನಂತರ ಮೊಣಕಾಲಿಗೆ. ಬಿದ್ದ ಮೇಲೂ ಹೊಡೆದೆ. ಒಂದೇ ದೋಣಿಯಂತೆ! ನಾನೆಲ್ಲಿ, ಅವನೆಲ್ಲಿ! ನಾನು ಅಕ್ಕನಿಗಾಗಿ ಹಲ್ಲು ಕಳೆದುಕೊಂಡವನು, ರಕ್ತ ಸುರಿಸಿದವನು. ಲೇತಿನವನು ಓಡಿ ಬಂದು ಹಿಂದಿನಿಂದ ಅಪ್ಪಿ ಎಳೆಯದಿದ್ದರೆ ಅಲ್ಲೇ ಮುಗಿಸಿಬಿಡುತ್ತಿದ್ದೆ. ಭಾವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಪೊಲೀಸರು ಬರುತ್ತಾರೆ ಎಂದರು. ಬರಲಿ.

ಎಲ್ಲರೂ ಹೋದ ಮೇಲೆ ಲೇತಿನವನು ಬಾಗಿಲಲ್ಲಿ ನಿಂತ. “ನಿನ್ನ ಹೆಂಡ್ತಿನ ಹುಡುಕೋಕೆ ಹೋಗ್ಬೇಡ. ಹೋದ ವಾರ ನನ್ನ ಹೆಂಡ್ತಿನೇ ಅವಳನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದು. ಎಡಗಿವಿ ಪರದೆ ಹರಿದಿದೆ. ಆ ಕಿವಿ ಇನ್ನು ಕೇಳಲ್ಲ ಅಂದ್ರಂತೆ” ಎಂದ.

“ಅಯ್ಯೋ, ಅದು ಯಾವಾಗ ಆಯ್ತು?” ಎಂದು ಕೇಳಿದೆ.

ಅವನು ನನ್ನ ಮುಖವನ್ನೇ ನೋಡಿ, ನೆಲಕ್ಕೆ ಉಗಿದು ಹೋದ. ಹಳೇ ಜಗಳ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ.

ಅಕ್ಕ ಹೋದದ್ದು ನನಗೆ ಅರ್ಥವಾಗುತ್ತದೆ. ಆ ಮೃಗದ ಜೊತೆ ಯಾರು ಬಾಳುತ್ತಾರೆ? ಕಳಿಸುತ್ತೇನೆ ಎಂದದ್ದು ನನ್ನ ತಪ್ಪೇ ಇರಬಹುದು. ಆದರೆ ಇವಳು? ಇವಳಿಗೆ ಏನು ಕಡಿಮೆಯಾಗಿತ್ತು? ನಾನು ಕುಡಿಯುವುದಿಲ್ಲ. ದುಡಿಮೆ ಇದೆ. ಕಾರೂ ಸರಿಯಾಗಿತ್ತು. ಒಂದೊಂದೇ ಕಳೆದು ನೋಡುತ್ತಿದ್ದೇನೆ, ಯಾವುದೂ ಅಲ್ಲ.

ಬರೆಯುತ್ತಿದ್ದರೆ ಅಕ್ಷರಗಳು ಓರೆಯಾಗುತ್ತಿವೆ. ಕೈ ನಡುಗುತ್ತಿದೆ. ಜಾಕಿನ ಹಿಡಿಯನ್ನು ಅಷ್ಟು ಬಿಗಿಯಾಗಿ ಹಿಡಿದದ್ದಕ್ಕೆ ಇರಬೇಕು. ಬೇರೆ ಕಾರಣ ಕಾಣುವುದಿಲ್ಲ.